ಭೀಮ್ಯಾನಿಗೆ ಮನೆ ಹುಡುಕಿದ ಮಳೆಗಾಲ

ಹೋದ ವರ್ಷ ಶ್ರಾವಣದಲ್ಲಿ ಪರಿಚಯದವರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಗಡಹಿಂಗ್ಲಜಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಾನು ಕುಳಿತ ಬೆಂಚಿನ ಮೇಲೆ ಒಬ್ಬ ಕುರುಬ ಬಂದು ಕುಳಿತ. ಮಳೆಯಲ್ಲಿ ತೊಯ್ದ ಕರಿ ಕಂಬಳಿಯನ್ನು ತಲೆಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡ. ಒದ್ದೆ ಉಣ್ಣೆಯ ವಾಸನೆಗೆ ಆಚೆ ಕುಳಿತವರು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಇನ್ನಷ್ಟು ಹತ್ತಿರ ಸರಿದು ಕುಳಿತೆ. ಅರವತ್ತೆರಡನೆಯ ಇಸವಿಯ ಮಳೆಗಾಲವೆಲ್ಲ ನನ್ನ ಕೋಣೆಯಲ್ಲಿ ಇದೇ ವಾಸನೆ ತುಂಬಿಕೊಂಡಿತ್ತು.

ಆಗ ನನಗೆ ಇಪ್ಪತ್ತೇಳು ವರ್ಷ. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಅವರು ಇಚಲಕರಂಜಿಯಲ್ಲಿ ಅಣ್ಣನ ಜೊತೆ ಮಾಗದ, ಅಂದರೆ ಬಟ್ಟೆ ನೇಯುವ ಮಗ್ಗದ, ಕೆಲಸ ಮಾಡುತ್ತಿದ್ದರು. ನಾಲ್ಕು ಮಾಗಗಳ ಸಣ್ಣ ಶೆಡ್ಡು, ಅದಕ್ಕೆ ಅಂಟಿಕೊಂಡೇ ಮನೆ. ವಿಷಮಜ್ವರ ಬಂದು ಹದಿನೆಂಟು ದಿನ ಮಲಗಿದವರು ಏಳಲಿಲ್ಲ. ಮಕ್ಕಳಿರಲಿಲ್ಲ. ತವರಿನಲ್ಲಿ ಹೇಳಿಕೊಳ್ಳುವಂಥ ಯಾರೂ ಉಳಿದಿರಲಿಲ್ಲ. ನಾನು ಹೊಲಿಗೆಯ ಪರೀಕ್ಷೆ ಪಾಸು ಮಾಡಿಕೊಂಡು, ಗಡಹಿಂಗ್ಲಜದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸಕ್ಕೆ ಬಂದೆ. ಹುಡುಗಿಯರು ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವವರು. ಕನ್ನಡದವರು ನನ್ನನ್ನು ಅಕ್ಕೋರು ಎನ್ನುತ್ತಿದ್ದರು, ಮರಾಠಿಯವರು ಬಾಯಿ ಎನ್ನುತ್ತಿದ್ದರು. ಹೆಸರು ಹಿಡಿದು ಶಾಂತಾ ಎನ್ನುವವರು ಆ ಊರಿನಲ್ಲಿ ಇರಲಿಲ್ಲ.

ಉಳಿದುಕೊಂಡದ್ದು ನೀಲವ್ವ ಕಾಕೂ ಎಂಬವರ ಹಿತ್ತಲ ಬಾಡಿಗೆ ಕೋಣೆಯಲ್ಲಿ. ಕಾಕೂ ಮತ್ತು ಅವರ ಗಂಡ ಇಬ್ಬರೇ ಮುಂದಿನ ಮನೆಯಲ್ಲಿ ಇದ್ದರು. ಹಗಲೆಲ್ಲ ಕೊರಳಪಟ್ಟಿ, ಗುಂಡಿಯ ಕಾಜು, ಅಂಚು ಅಂತ ನಾನು ಮಾತಾಡುತ್ತಲೇ ಇರುತ್ತಿದ್ದೆ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಮಾತು ಮುಗಿದಂತೆ. ಹೊಲಿಗೆ ಮಶೀನು ತುಳಿದಷ್ಟು ಹೊತ್ತು ಸದ್ದು, ಕಾಲು ನಿಲ್ಲಿಸಿದರೆ ಏನೂ ಇಲ್ಲ. ಕೆಲವು ದಿನ ಸೂಜಿಗೆ ದಾರ ಹಾಕದೆಯೇ ಮಶೀನು ತುಳಿದದ್ದುಂಟು.

ಆಷಾಢದ ಒಂದು ಭಾನುವಾರ ಮಳೆ ಸ್ವಲ್ಪ ಹೊಳವಾಗಿತ್ತು. ಹಿರಣ್ಯಕೇಶಿ ಹೊಳೆ ತುಂಬಿ ಬಂದಿದೆ ಎಂದು ಊರೆಲ್ಲ ನೋಡಲು ಹೋಗಿತ್ತು. ನಾನೂ ಹೋದೆ. ಮಂದಿಯ ಗದ್ದಲ ಬೇಡವೆನಿಸಿ ಸೇತುವೆಯಿಂದ ಆಚೆ, ದಂಡೆಯಗುಂಟ ಒಂದಿಷ್ಟು ದೂರ ನಡೆದೆ. ಅಲ್ಲಿ ಜಾಲಿಯ ಗಿಡಗಳ ನಡುವೆ ಕುರುಬರು ಬೀಡು ಬಿಟ್ಟಿದ್ದ ಗುರುತಿತ್ತು. ಮೂರು ಕಲ್ಲಿನ ಒಲೆ, ಕುರಿ ಹಿಕ್ಕೆ, ಹರಿದ ಬುಟ್ಟಿ. ನೀರು ಏರಿದ್ದು ನೋಡಿ ಅವಸರದಲ್ಲಿ ಎದ್ದು ಹೋಗಿದ್ದರು. ಒಂದು ಗಿಡದ ಬುಡದಲ್ಲಿ, ಹೊಟ್ಟೆಯ ತನಕ ನೀರಿನಲ್ಲಿ, ಎಮ್ಮೆಯ ಕರುವೊಂದು ನಿಂತಿದೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಾಯಿ. ಕೊರಳಿಗೆ ಹಗ್ಗ, ಹಗ್ಗದ ತುದಿ ಬೇರಿಗೆ ಸಿಕ್ಕಿಕೊಂಡಿತ್ತು. ಒದರಲಿಲ್ಲ, ಕುಂಯ್ ಎನ್ನಲೂ ಇಲ್ಲ. ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಕೈ ಚಾಚಿದೆ. ಅದು ಕಣ್ಣು ಮುಚ್ಚಿಕೊಂಡಿತು, ಏಟು ಬೀಳುವುದನ್ನೇ ಕಾಯುವವರ ಹಾಗೆ. ಬೀಳಲಿಲ್ಲವೆಂದು ಸ್ವಲ್ಪ ಹೊತ್ತಿನ ಮೇಲೆ ಒಂದೇ ಕಣ್ಣು ತೆರೆದು ನೋಡಿತು.

ಎಮ್ಮೆ ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕ ಕುಡುಗೋಲಿನಿಂದ ಹಗ್ಗ ಕೊಯ್ದು ಕೊಟ್ಟ. ನಾಯಿಯ ತುಟಿ ಎತ್ತಿ ಹಲ್ಲು ನೋಡಿದ.

"ಇದು ಇನ್ನೂ ಮರಿ ಐತ್ರಿ ಬಾಯಾರ. ನಾಕು ತಿಂಗಳದ್ದು ಇದ್ದೀತು, ಹಾಲಹಲ್ಲು ಸೈತ ಬಿದ್ದಿಲ್ಲ. ತಾಯಿ ಕುರಿ ಕಾಯೂ ನಾಯಿ, ತಂದಿ ಯಾವುದೋ ಬ್ಯಾಟಿ ನಾಯಿ ಇರಬೇಕು. ಬೆಳದ್ರ ಕುದರಿ ಆಕ್ಕೈತಿ."

"ಕುರುಬರು ಹುಡುಕ್ಕೊಂಡು ಬರೂದಿಲ್ಲೇನು?"

"ಬರೂದಿಲ್ರಿ. ಅಂಜೂ ನಾಯಿ ಅವರಿಗ್ಯಾಕ?"

ಅವನು ಎಮ್ಮೆಗಳ ಹಿಂದೆ ಹೋದ. ನಾನು ಊರ ಕಡೆ ಹೊರಟೆ. ಹತ್ತು ಹೆಜ್ಜೆ ಹಿಂದೆ, ಬಾಲ ಹೊಟ್ಟೆಗೆ ಒತ್ತಿಕೊಂಡು, ಅದೂ ಬಂತು.

ನೀಲವ್ವ ಕಾಕೂ ಅಂಗಳದಲ್ಲಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಹೂ ಬಿಡಿಸುತ್ತಿದ್ದರು. ತಲೆ ಎತ್ತಿ ನೋಡಿದರು.

"ಏನ ತಂಗಿ ಇದು? ನಾಯಿ ತಂದಿಯೋ ಕರಾ ತಂದಿಯೋ?"

"ಮರಿ ಐತ್ರಿ ಕಾಕೂ. ಹೊಳ್ಯಾಗ ಸಿಕ್ಕಿತ್ತು."

"ಮರಿ ಇಷ್ಟ ಐತಿ ಅಂದ್ರ ನಾಯಿ ಎಷ್ಟ ಆದೀತು?" ಅವರು ಬುಟ್ಟಿ ಕೆಳಗಿಟ್ಟರು. "ಕೇಳು. ದಸರಾ ಹೊತ್ತಿಗೆ ನನ್ನ ಮಗಳು ಬಾಣಂತನಕ್ಕ ಬರತಾಳ. ಕೂಸು ಇರೂ ಮನ್ಯಾಗ ಇಂಥಾ ನಾಯಿ ನನಗ ಆಗೂದಿಲ್ಲ. ಅಷ್ಟರಾಗ ಇದಕ ಒಂದು ಮನಿ ನೋಡು. ಅಲ್ಲಿ ಮಟ ಹಿತ್ತಲದಾಗ ಇರ್ಲಿ, ನನ್ನ ದೇವರ ಕಟ್ಟಿಗೆ ಬರಬಾರ್ದು."

ಅನ್ಯಾಯದ ಮಾತಲ್ಲ. ನಾನು ಹೂಂ ಎಂದೆ.

ಆ ಮರಿ ಅಂಜದೆ ಇದ್ದ ವಸ್ತು ಯಾವುದು ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ಕಸಬರಿಗೆ, ಬಿಚ್ಚಿದ ಕೊಡೆ, ಸೈಕಲ್ಲಿನ ಗಂಟೆ, ಗಂಡಸರ ಕೆಮ್ಮು, ತಂಬಿಗೆ ಉರುಳಿದ ಸದ್ದು, ಎಲ್ಲಕ್ಕೂ ಅಂಜುತ್ತಿತ್ತು. ಮೊದಲ ದಿನ ಮಶೀನು ತುಳಿದಾಗ ಹೊರಸಿನ ಕೆಳಗೆ ನುಗ್ಗಿತು. ತಲೆ ಮಾತ್ರ ಹಿಡಿಸಿತು, ಉಳಿದ ಮೈಯೆಲ್ಲ ಹೊರಗೆ. ತನಗೆ ಯಾರೂ ಕಾಣುವುದಿಲ್ಲವಾದ್ದರಿಂದ ತಾನೂ ಯಾರಿಗೂ ಕಾಣುವುದಿಲ್ಲ ಎಂದು ನಡುಗುತ್ತ ನಿಂತಿತ್ತು. ಎರಡು ವರ್ಷದಲ್ಲಿ ನಾನು ಒಬ್ಬಳೇ ಇದ್ದಾಗ ನಕ್ಕದ್ದು ಅದೇ ಮೊದಲು. ನಾಲ್ಕನೆಯ ದಿನ ಹೊರಸಿನ ಕೆಳಗಿನಿಂದ ಹೊರಗೆ ಬಂತು. ಎಂಟನೆಯ ದಿನ ಮಶೀನಿನ ಹತ್ತಿರ ಬಂದು, ತುಳಿಯುವ ನನ್ನ ಪಾದದ ಪಕ್ಕ ಗದ್ದ ಇಟ್ಟು ಮಲಗಿತು. ಅದರ ನಿದ್ದೆ ಕೆಡಬಾರದೆಂದು ನಾನು ಅವತ್ತು ಬೇಡದ ಬಟ್ಟೆಗೂ ಹೊಲಿಗೆ ಹಾಕುತ್ತ ಕುಳಿತೆ.

ಕೊಡಲೇಬೇಕಾದ ನಾಯಿಗೆ ಹೆಸರಿಡಬಾರದು ಎಂದುಕೊಂಡಿದ್ದೆ. ಆದರೆ ಹೊಲಿಗೆಯ ಹುಡುಗಿಯರು ಒಂದು ದಿನ ಕೋಣೆಗೆ ಬಂದವರು ಅದರ ಗಾತ್ರ ನೋಡಿ, ಅದು ತಮ್ಮನ್ನು ನೋಡಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ನೋಡಿ, ಭೀಮ್ಯಾ ಎಂದು ಕರೆದು ನಕ್ಕರು. ಅದೇ ನಿಂತಿತು. ಆ ಮೇಲೆ ನನಗೂ ‘ಅದು’ ಹೋಗಿ ‘ಅವನು’ ಆದ.

ಬೇರೆ ಕೋಣೆ ಹಿಡಿದು ಅವನನ್ನು ನಾನೇ ಇಟ್ಟುಕೊಳ್ಳಬಾರದೇ ಎಂದು ಓದುವವರು ಕೇಳಬಹುದು. ಎರಡು ಕಡೆ ವಿಚಾರಿಸಿದೆ. ಒಂಟಿ ವಿಧವೆಗೆ ಕೋಣೆ ಕೊಡಲಿಕ್ಕೇ ಅವರು ಹಿಂದೆ ಮುಂದೆ ನೋಡಿದರು. ನಾಯಿಯ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

ಶ್ರಾವಣದಲ್ಲಿ ಇಚಲಕರಂಜಿಯಿಂದ ನನ್ನ ಭಾವ ಮಲ್ಲಪ್ಪ ಬಂದರು, ಗಂಡನ ಅಣ್ಣ. ಹಿತ್ತಲಲ್ಲಿ ಭೀಮ್ಯಾನನ್ನು ನೋಡಿದ್ದೇ ಅವರ ಮುಖ ಅರಳಿತು.

"ಶಾಂತಾ, ಇದನ್ನ ನನಗ ಕೊಡು. ನೂಲು ಇಡೂ ಖೋಲಿ ಕಾಯಾಕ ಒಂದು ನಾಯಿ ಬೇಕಾಗೇತಿ. ಇದನ್ನ ನೋಡಿದ್ರ ಸಾಕು, ಯಾಂವರ ಗ್ವಾಡಿ ಜಿಗಿತಾನ?"

"ಭಾಳ ಅಂಜತೈತ್ರಿ ಭಾವ."

"ಸಣ್ಣದೈತಿ. ಬೆಳದ್ರ ಧೈರ್ಯ ತಾನs ಬರತೈತಿ."

ಬರಬಹುದು ಎಂದು ನಾನೂ ನಂಬಿದೆ. ಬಟ್ಟೆಯ ಗಂಟು ಹೇರುವ ಲಾರಿಯೊಂದರಲ್ಲಿ ಭಾವ ಅವನನ್ನು ಕರೆದೊಯ್ದರು. ಹತ್ತನೆಯ ದಿನಕ್ಕೆ ನೆಗೆಣ್ಣಿ ಸುಶೀಲಾ ಬರೆಸಿದ ಕಾರ್ಡು ಬಂತು. ನಾಯಿ ಅನ್ನ ಮುಟ್ಟುತ್ತಿಲ್ಲ, ಬಂದು ನೋಡಿಕೊಂಡು ಹೋಗು ಎಂದು ಅದರಲ್ಲಿತ್ತು.

ಮರುದಿನವೇ ಬಸ್ಸು ಹತ್ತಿದೆ. ಎರಡು ವರ್ಷದ ಮೇಲೆ ಆ ಓಣಿಗೆ ಕಾಲಿಟ್ಟಿದ್ದೆ. ಎಲ್ಲ ಮನೆಗಳಿಂದ ಮಾಗದ ಖಟಖಟ ಸದ್ದು. ಬೀದಿಯಲ್ಲಿ ನಿಂತರೆ ಅಂಗಾಲಿನಿಂದಲೂ ಅದು ಮೈಯೊಳಗೆ ಏರುತ್ತದೆ. ಗಂಡ ಇದ್ದಾಗ ನನಗೆ ಆ ಸದ್ದು ಕೇಳಿಸುತ್ತಲೇ ಇರಲಿಲ್ಲ. ಅವರು ಹೋದ ಹದಿಮೂರನೆಯ ದಿನ ಕಾರ್ಯ ಮುಗಿಸಿ ಮಾಗ ಮತ್ತೆ ಶುರುವಾದಾಗ, ನಾಲ್ಕರ ಪೈಕಿ ಅವರದೊಂದು ನಿಂತಿರುವುದು ನನಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಮುಂದೆ ಯಾರನ್ನೋ ಕೆಲಸಕ್ಕಿಟ್ಟುಕೊಂಡು ಅದನ್ನೂ ನಡೆಸಿದರು. ಅವತ್ತಿನಿಂದ ನಾನು ಆ ಮನೆಯಲ್ಲಿ ಇರಲಾರದಾದೆ.

ಭೀಮ್ಯಾನನ್ನು ಅದೇ ಮಾಗದ ಹಿಂದೆ, ಕಿಟಕಿಯ ಕಂಬಿಗೆ ಕಟ್ಟಿದ್ದರು. ಗೋಡೆಗೂ ಮಾಗಕ್ಕೂ ನಡುವಿನ ಸಂದಿಯಲ್ಲಿ ಮೈ ತುರುಕಿ ಮುದುಡಿದ್ದ. ಹತ್ತಿಯ ಧೂಳು ಬಿದ್ದು ಕರಿ ಮೈ ಬೂದಿ ಬಡಿದ ಹಾಗೆ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲಿಲ್ಲ. ಹತ್ತಿರ ಕುಳಿತು ಕೈ ಚಾಚಿದರೆ ಮತ್ತೆ ಕಣ್ಣು ಮುಚ್ಚಿದ.

ಭಾವನಿಗೂ ಬೇಸರವಾಗಿತ್ತು. "ಇದು ನಾಯಿ ಅಲ್ಲವ್ವಾ, ಆಡು. ಕಳ್ಳ ಬಂದ್ರ ನೂಲಿನ ಕೂಡ ಇದನ್ನೂ ಹೊತಗೊಂಡು ಹೋಗ್ತಾನ. ನಾ ಏನೂ ಹೊಡದಿಲ್ಲ ನೋಡು, ಆಣಿ ಮಾಡತೇನಿ."

"ಗೊತ್ತೈತ್ರಿ ಭಾವ. ಅದಕ ಸಪ್ಪಳ ಆಗಿ ಬರೂದಿಲ್ಲ."

ಸುಶೀಲಾ ನನಗೆ ಊಟಕ್ಕೆ ಬಡಿಸುತ್ತ ಮೆಲ್ಲಗೆ ಹೇಳಿದಳು. "ನೀನರ ಯಾಕ ಅಲ್ಲಿ ಒಬ್ಬಾಕಿ ಇರತಿ? ಇಲ್ಲೇ ಬಂದು ಇರು. ಮನಿ ನಿಂದೂ ಅಲ್ಲೇನು?"

"ಇಲ್ಲಕ್ಕಾ. ಹುಡುಗ್ಯಾರ ಪರೀಕ್ಷಾ ಅದಾವ" ಎಂದೆ. ಅವಳು ಇನ್ನೊಂದು ರೊಟ್ಟಿ ಬಡಿಸಿದಳು. ನಾಯಿಯನ್ನು ಸಪ್ಪಳಕ್ಕೆ ಅಂಜಿದ್ದಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಬಹುದಾಗಿತ್ತು. ನನಗೂ ಆ ಸಪ್ಪಳ ಆಗಿಬರುವುದಿಲ್ಲ ಎಂದು ಹೇಳಲಾಗಲಿಲ್ಲ. ಸಂಜೆ ಭೀಮ್ಯಾನನ್ನು ಕರೆದುಕೊಂಡು ತಿರುಗಿ ಬಂದೆ.

ಭಾದ್ರಪದದಲ್ಲಿ ಇನ್ನೊಂದು ಮನೆ ಸಿಕ್ಕಿತು. ಹೊಲಿಗೆ ಕಲಿಯುವ ಕಲಾವತಿಯ ತಂದೆ ಈರಪ್ಪ ನೂಲ ಎಂಬ ಹಳ್ಳಿಯಲ್ಲಿ ಕಬ್ಬು, ಶೇಂಗಾ ಮಾಡುತ್ತಿದ್ದರು. ಹೊಲದ ಗುಡಿಸಲಲ್ಲಿ ಮಲಗುವವರು. ಹಂದಿಯ ಕಾಟ ಇದೆ, ದೊಡ್ಡ ನಾಯಿ ಇದ್ದರೆ ಕೊಡಿರಿ ಎಂದು ಹೇಳಿ ಕಳುಹಿಸಿದ್ದರು. ಅಲ್ಲಿ ಮಾಗವಿಲ್ಲ, ಗದ್ದಲವಿಲ್ಲ, ಗಾಳಿಯೊಂದೇ ಎಂದು ನನಗೆ ಧೈರ್ಯವಾಯಿತು. ನಾನೇ ಅವನನ್ನು ಕರೆದುಕೊಂಡು ನಡೆದು ಹೋಗಿ ಬಿಟ್ಟು ಬಂದೆ. ಕಬ್ಬಿನ ಬದುವಿನಲ್ಲಿ ನಾನು ತಿರುಗಿ ನೋಡದೆ ಬಂದೆ. ಅಂದು ಕೋಣೆಗೆ ಬಂದು ದೀಪ ಹಚ್ಚಿದರೆ, ಮಶೀನಿನ ಕೆಳಗೆ ಅವನು ಮಲಗುತ್ತಿದ್ದ ಗೋಣಿತಟ್ಟು. ಅದನ್ನು ಮಡಿಚಿ ಹೊರಗಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮಳೆ ಬರುತ್ತದೆಂದು ನೆವ ಹೇಳಿಕೊಂಡು ಒಳಗೆ ತಂದೆ.

ಐದನೆಯ ದಿನ ಬೆಳಗ್ಗೆ ಕಾಕೂ ನನ್ನ ಬಾಗಿಲು ಬಡಿದರು. "ಶಾಂತಾ, ಬಂದೈತಿ ನೋಡು ನಿನ್ನ ಕೂಸು."

ಮೊದಲ ಬಾರಿಗೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದೆ. ಭೀಮ್ಯಾ ಮುಂಬಾಗಿಲಲ್ಲಿ ಕೆಸರು ಮೆತ್ತಿಕೊಂಡು ನಿಂತಿದ್ದ. ಆರೇಳು ಮೈಲು ಮಳೆಯಲ್ಲಿ ಒಬ್ಬನೇ ಬಂದಿದ್ದ. ದಾರಿಯ ತುಂಬ ಸೈಕಲ್ಲು, ಚಕ್ಕಡಿ, ಕೊಡೆ, ಕೆಮ್ಮುವ ಗಂಡಸರು ಇದ್ದೇ ಇರಬೇಕು. ಅಷ್ಟೆಲ್ಲ ಹೆದರಿಕೆಗಳನ್ನು ದಾಟಿ ಅವನು ಹೇಗೆ ಬಂದ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಕಾಕೂ ಒಳಗೆ ಹೋಗಿ ತಟ್ಟೆಯಲ್ಲಿ ಹಾಲು ರೊಟ್ಟಿ ಕಲಸಿ ತಂದರು. ನಾನು ಅವನ ಕೆಸರು ಮೈಯನ್ನು ಅಪ್ಪಿಕೊಂಡು ಅಳುವುದನ್ನು ನೋಡಿಯೂ ನೋಡದವರಂತೆ ತಟ್ಟೆ ಇಟ್ಟು ಹೋದರು.

ಈರಪ್ಪ ಸಂತೆಯ ದಿನ ಬಂದು ಕಟ್ಟೆಯ ಮೇಲೆ ಕುಳಿತು ತಂಬಾಕು ತಿಕ್ಕಿದರು. ಸಿಟ್ಟು ಮಾಡಲಿಲ್ಲ.

"ಹಂದಿ ಬಂದ್ರ ಇದು ನನ್ನ ಕಂಬಳ್ಯಾಗ ಹೊಕ್ಕೊಂಡು ಮಕ್ಕೋತಿತ್ರಿ ಅಕ್ಕೋರ. ಹಂದಿ ನಾನs ಓಡಸಬೇಕು, ಇದನ್ನೂ ನಾನs ಸಮಾಧಾನ ಮಾಡಬೇಕು. ನಾಯಿ ಭಾಳ ಚಲೋದೈತಿ. ಕೆಲಸಕ್ಕ ಬರೂದಿಲ್ಲ ಅಷ್ಟs."

ದಸರೆಗೆ ಹದಿನೈದು ದಿನ ಉಳಿದಿತ್ತು. ಕಾಕೂ ಬಾಣಂತಿಯ ಕೋಣೆಗೆ ಸುಣ್ಣ ಹಚ್ಚಿಸಿದರು. ಕೊನೆಗೆ ಅವರೇ ಒಂದು ದಾರಿ ಸೂಚಿಸಿದರು. ಕೊಲ್ಹಾಪುರದಲ್ಲಿ ಅವರ ದೂರದ ನೆಂಟರೊಬ್ಬರು ಅಡತಿ ವ್ಯಾಪಾರಿ. ಬಂಗಲೆ, ಕಬ್ಬಿಣದ ಗೇಟು ಎಲ್ಲ ಇದ್ದವರು. ದೊಡ್ಡ ನಾಯಿ ಬೇಕೆಂದು ಹಿಂದೊಮ್ಮೆ ಹೇಳಿದ್ದರಂತೆ. ಕಾಕೂ ಚೀಟಿ ಬರೆಸಿ ಕೊಟ್ಟರು. ಆಜರಾದಿಂದ ಅಕ್ಕಿ ಹೇರಿಕೊಂಡು ಕೊಲ್ಹಾಪುರಕ್ಕೆ ಹೋಗುವ ಲಾರಿಯೊಂದು ನಮ್ಮ ಊರಿನ ಮೇಲೆಯೇ ಹಾಯುತ್ತಿತ್ತು. ಅದರ ಡ್ರೈವರ್ ಮರಾಠಿಯವನು, ವಯಸ್ಸಾದ ಮನುಷ್ಯ.

"ಚಾವತೋ ಕಾ, ಬಾಯಿ?" ಎಂದು ಕೇಳಿದ. ಕಚ್ಚುತ್ತದೆಯೇ ಎಂದು.

"ನಾಹೀ. ಘಾಬರತೋ" ಎಂದೆ. ಇಲ್ಲ, ಹೆದರುತ್ತದೆ.

ಅವನು ನಕ್ಕು ಚೀಲಗಳ ನಡುವೆ ಜಾಗ ಮಾಡಿಕೊಟ್ಟ. ದಾರಿಯುದ್ದಕ್ಕೂ ನಾನು ಹಿಂದೆ ಅಕ್ಕಿಯ ಚೀಲಗಳ ಮೇಲೆ ಕುಳಿತೆ. ಭೀಮ್ಯಾನ ತಲೆ ನನ್ನ ತೊಡೆಯ ಮೇಲೆ, ತಾಡಪತ್ರಿಯ ಮೇಲೆ ಮಳೆ.

ವ್ಯಾಪಾರಿ ಸಭ್ಯರು. ನಾಯಿಯನ್ನು ದೂರದಿಂದ ನೋಡಿ "ಮೋಠಾ ಆಹೇ, ಛಾನ ಆಹೇ", ದೊಡ್ಡದಿದೆ, ಚೆನ್ನಾಗಿದೆ ಎಂದು ಮೆಚ್ಚಿದರು. ಆಳು ಬಂದು ನಮ್ಮ ಹಿಂದೆ ಗೇಟು ಹಾಕಿದ. ಕಬ್ಬಿಣ ಕಬ್ಬಿಣಕ್ಕೆ ಬಡಿಯಿತು. ಭೀಮ್ಯಾ ಇದ್ದಲ್ಲೇ ನೆಲಕ್ಕೆ ಚಪ್ಪಟೆಯಾದ. ಹೊಳೆಯುವ ಫರಸಿಯ ನೆಲದ ಮೇಲೆ ಅವನ ಕೆಳಗಿನಿಂದ ನೀರು ಹರಿಯಿತು.

ಅವರು ಕನ್ನಡಕ್ಕೆ ತಿರುಗಿ ಮೆಲುದನಿಯಲ್ಲೇ ಹೇಳಿದರು. "ಕ್ಷಮಾ ಮಾಡ್ರಿ. ಇದನ್ನ ಬಾಗಲದಾಗ ಕಟ್ಟಿದ್ರ ಮಂದಿ ನಗತಾರ."

ನಾನು ನನ್ನ ಕರವಸ್ತ್ರದಿಂದ ಫರಸಿ ಒರೆಸಲು ಹೋದೆ. ಅವರು ಬೇಡವೆಂದರು. ಹೊರಗೆ ಬಂದೆವು. ಲಾರಿ ಐದು ಗಂಟೆಗೆ ತಿರುಗಿ ಹೊರಡುವುದಿತ್ತು, ಆಗಿನ್ನೂ ಹನ್ನೆರಡು. ಟಾಂಗಾಗಳ ಊರದು. ಒಂದೊಂದು ಕುದುರೆ ಹಾಯ್ದಾಗಲೂ ಭೀಮ್ಯಾ ಗೋಡೆಗೆ ಅಂಟಿ ನಿಲ್ಲುತ್ತಿದ್ದ, ನಾನು ಅವನ ಮುಂದೆ ಅಡ್ಡ ನಿಲ್ಲುತ್ತಿದ್ದೆ. ದೊಡ್ಡ ರಸ್ತೆ ಬಿಟ್ಟು ಓಣಿಯಿಂದ ಓಣಿಗೆ ಹೊರಳುತ್ತ ದಾರಿ ತಪ್ಪಿತು. ಮಳೆ ಜೋರಾಯಿತು. ಕೊಡೆ ತೆರೆದರೆ ಅವನು ಅಂಜುತ್ತಾನೆಂದು ತೆರೆದಿರಲಿಲ್ಲ. ಇಬ್ಬರೂ ತೊಯ್ದು ತೊಪ್ಪೆಯಾಗಿ ಒಂದು ತಗಡಿನ ಮನೆಯ ಸೂರಿನ ಕೆಳಗೆ ನಿಂತೆವು.

ಬಾಗಿಲು ತೆರೆದಿತ್ತು. ಒಳಗೆ ನಲವತ್ತರ ಆಜುಬಾಜಿನ ಹೆಂಗಸೊಬ್ಬಳು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ನಡುವೆ ತಾನೇ ಕುಳಿತಿದ್ದಳು. ನನ್ನನ್ನು ಕಂಡು ಮರಾಠಿಯಲ್ಲಿ ಒಳಗೆ ಬರಲು ಹೇಳಿದಳು. ನಾನು ಭೀಮ್ಯಾನಿಗೆ "ನಿಂದರು" ಎಂದದ್ದು ಕೇಳಿ ತಲೆ ಎತ್ತಿದಳು.

"ಕನ್ನಡದವರೇನ್ರಿ? ನಮ್ಮದು ಅಥಣಿ ಕಡೆ. ಒಳಗ ಬರ್ರಿ, ತೊಯ್ಸಿಕೊಂಡು ಯಾಕ ನಿಂತೀರಿ?"

"ನಾಯಿ ಐತ್ರಿ."

"ನಾಯೀನೂ ಬರ್ಲಿ."

ಅವಳ ಹೆಸರು ಹೌಸವ್ವ. ಗಂಡ ಯಲ್ಲಪ್ಪ ಇಂಜಿನಿನ ಬಿಡಿಭಾಗ ಎರಕ ಹೊಯ್ಯುವ ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಬೆಳಗ್ಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ಮಕ್ಕಳಾಗಲಿಲ್ಲ. ಇಷ್ಟನ್ನು ಅವಳು ಸೂಜಿ ನಿಲ್ಲಿಸದೆ ಹೇಳಿದಳು. ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅದಕ್ಕೆ ಕಣಗಿಲೆ ಹೂವಿನ ಮಾಲೆ. ಅವಳು ಎದ್ದು ಒಲೆಯ ಮೇಲೆ ನೀರಿಟ್ಟು, ನನ್ನ ಹಣೆಯ ಮೇಲಿನ ವಿಭೂತಿಯನ್ನು ಒಮ್ಮೆ ನೋಡಿದಳು.

"ನಮ್ಮ ಮನಿ ಚಾ ನಡೀತೈತೇನ್ರಿ?"

ಒಂದು ಕ್ಷಣ ನಾನು ಸುಮ್ಮನಿದ್ದೆ. ಆ ಒಂದು ಕ್ಷಣಕ್ಕೆ ಇವತ್ತೂ ನಾಚಿಕೆಯಾಗುತ್ತದೆ. ಅವಳು ಅದನ್ನು ನೋಡಿದಳು, ನೋಡಿ ಅಭ್ಯಾಸವಿದ್ದವಳ ಹಾಗೆ ಒಲೆಯ ಕಡೆಗೆ ತಿರುಗಿದಳು.

"ನಡೀತೈತಿ" ಎಂದೆ. "ಸಕ್ರಿ ಸ್ವಲ್ಪ ಜಾಸ್ತಿ ಇರ್ಲಿ."

ಹೌಸವ್ವ ನಕ್ಕಳು. ಚಹಾ ಕುಡಿಯುತ್ತ ನಾನು ಮೊದಲಿನಿಂದ ಕೊನೆಯ ತನಕ ಎಲ್ಲ ಹೇಳಿದೆ. ಹೊಳೆ, ಮಾಗ, ಹಂದಿ, ಗೇಟು. ಎರಡು ವರ್ಷದಲ್ಲಿ ಯಾರ ಎದುರಿಗೂ ನಾನು ಅಷ್ಟು ಮಾತಾಡಿರಲಿಲ್ಲ. ಅವಳು ಕೇಳುತ್ತ ಹೊಲಿಯುತ್ತಿದ್ದಳು. ಭೀಮ್ಯಾನ ಕಡೆ ನೋಡಲೇ ಇಲ್ಲ. ಬೇರೆಯವರೆಲ್ಲ ಅವನನ್ನು ಕಂಡೊಡನೆ ಚುಟಿಕೆ ಹೊಡೆದು ಕರೆಯುತ್ತಿದ್ದರು, ತಲೆ ಸವರಲು ಕೈ ಚಾಚುತ್ತಿದ್ದರು. ಇವಳು ಮೂಲೆಯಲ್ಲಿ ಪಾತ್ರೆ ಇದ್ದ ಹಾಗೆ ಅವನನ್ನು ಇರಗೊಟ್ಟಳು. ಬಹಳ ಹೊತ್ತಿನ ಮೇಲೆ ಅವನು ಬಾಗಿಲ ಬಳಿಯಿಂದ ಒಂದು ಹೆಜ್ಜೆ ಇಟ್ಟ. ಕೌದಿಯ ಅಂಚನ್ನು ಮೂಸಿದ. ಹೊರಗೆ ಏನೋ ಬಿದ್ದು ಸದ್ದಾಯಿತು, ಹಿಂದಕ್ಕೆ ಜಿಗಿದ. ನಾನು ಎದ್ದು ಹಿಡಿಯಲು ಹೋದೆ.

"ಕುಂದರ್ರಿ" ಎಂದಳು ಹೌಸವ್ವ. "ಅಂಜೂದು ಅಂಜ್ಲಿ. ಅಂಜಿ ಅಂಜಿ ಸಾಕಾಗತೈತಿ, ಆಮ್ಯಾಲ ಬಿಡತೈತಿ. ನಾ ಈ ಊರಿಗೆ ಬಂದಾಗ ಹಿಂಗs ಇದ್ದೆ."

ಮತ್ತೆ ಬಂದ. ಈ ಸಲ ಹಳೆಯ ಬಟ್ಟೆಗಳ ರಾಶಿಯ ಮೇಲೆ ಮುಂಗಾಲು ಇಟ್ಟ. ಸುತ್ತು ಹಾಕಿ, ಅದರೊಳಗೆ ಕುಸಿದು ಮಲಗಿ, ದೊಡ್ಡ ಉಸಿರು ಬಿಟ್ಟ. ಒದ್ದೆ ಮೈಯ ವಾಸನೆ ಮನೆಯೆಲ್ಲ ಹರಡಿತು. ಹೌಸವ್ವ ಸೂಜಿಗೆ ಹೊಸ ದಾರ ಪೋಣಿಸಿದಳು.

"ಇಲ್ಲೇ ಬಿಟ್ಟು ಹೋಗ್ರಿ" ಎಂದಳು.

"ಇದು ಕಾವಲಿಗೆ ಬರೂದಿಲ್ಲ ಹೌಸವ್ವ" ಎಂದೆ.

"ನಮಗ್ಯಾಕ್ರಿ ಕಾವಲು? ಈ ಮನ್ಯಾಗ ಕದಿಯಾಕ ಏನೈತಿ, ಹರಕ ಅರಿವಿ." ಅವಳು ಹಲ್ಲಿನಿಂದ ದಾರ ಕಡಿದಳು. "ಹಗಲೆಲ್ಲ ಒಬ್ಬಾಕಿನs ಇರತೇನಿ. ಒಂದು ಜೀವ ಉಸರಾಡಿದ್ರ ಸಾಕು ನನಗ."

ಆ ಮಾತು ನನ್ನದೂ ಆಗಿತ್ತು. ನನಗೂ ಅಷ್ಟೇ ಸಾಕಾಗಿತ್ತು. ಹಾಗಾದರೆ ನಾನು ಯಾಕೆ ಕೊಡಬೇಕು ಎಂದು ಒಳಗೊಳಗೇ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಅವನನ್ನು ಎಬ್ಬಿಸಿ, ಲಾರಿ ಹತ್ತಿಸಿ, ಹೇಗಾದರೂ ಮಾಡಿ ಇಟ್ಟುಕೊಳ್ಳಬೇಕು ಎನಿಸಿತು. ಹೇಗಾದರೂ ಎಂದರೆ ಹೇಗೆ ಎಂದು ಮಾತ್ರ ಹೊಳೆಯಲಿಲ್ಲ. ಅವನನ್ನು ನೋಡಿದೆ. ನನ್ನ ಕೋಣೆಯಲ್ಲಿ ಅವನು ಒಂದು ಕಿವಿ ಎತ್ತಿಕೊಂಡೇ ಮಲಗುತ್ತಿದ್ದ. ಇಲ್ಲಿ ಎರಡೂ ಬಿದ್ದಿದ್ದವು.

"ನಿಮ್ಮ ಮನಿಯವರು ಏನಾರ ಅಂದ್ರ?"

"ಅಂವ ಮಾತ ಆಡೂದs ಕಡಿಮಿ. ನಾಯಿಗೆ ಅಂಥಾವನs ಬೇಕಲ್ರಿ."

ನಾಲ್ಕೂವರೆಗೆ ಎದ್ದೆ. ಅವನು ನಿದ್ದೆಯಲ್ಲಿದ್ದ. ಮುಟ್ಟಿದರೆ ಎಚ್ಚರವಾದಾನೆಂದು ಮುಟ್ಟಲಿಲ್ಲ. ಹೌಸವ್ವ ಓಣಿಯ ತಿರುವಿನ ತನಕ ಬಂದು ಅಕ್ಕಿ ಪೇಟೆಯ ದಾರಿ ತೋರಿಸಿದಳು. ಆಗ ಕೊಡೆ ತೆರೆದೆ. ಬೆಳಗಿನಿಂದ ಕಂಕುಳಲ್ಲೇ ಇದ್ದದ್ದು.

ಲಾರಿಯ ಡ್ರೈವರ್ ನನ್ನ ಹಿಂದೆ ಮುಂದೆ ನೋಡಿ, "ಕುತ್ರಾ ಕುಠೆ?" ಎಂದ. ನಾಯಿ ಎಲ್ಲಿ.

"ಘರೀ ಗೇಲಾ" ಎಂದೆ. ಮನೆಗೆ ಹೋದ.

ಅವನು ನನ್ನನ್ನು ಮುಂದೆ ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ.

ದಸರೆಗೆ ಕಾಕೂ ಮಗಳು ಬಂದಳು, ಗಂಡು ಕೂಸಾಯಿತು. ಕೂಸಿನ ಅಂಗಿ ಕುಂಚಿಗೆಗಳನ್ನೆಲ್ಲ ನಾನೇ ಹೊಲಿದೆ. ಕಾಕೂ ದಿನಾ ಸಂಜೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದರು. ಒಳ್ಳೆಯವರೇ. ಆದರೆ ಉಂಡು ಕೋಣೆಗೆ ಬರಬೇಕಲ್ಲ. ಆ ಚಳಿಗಾಲ ಮಶೀನು ತುಳಿಯುವಾಗ ನನ್ನ ಬಲಗಾಲು ತಾನಾಗಿ ಒಂದು ಬದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟುಕೊಂಡೇ ಇರುತ್ತಿತ್ತು. ಹೊಲಿಗೆ ಕ್ಲಾಸಿನಲ್ಲಿ ಉಳಿದ ತುಂಡು ಬಟ್ಟೆಗಳನ್ನು ಬಿಸಾಡದೆ ಒಂದು ಗಂಟು ಕಟ್ಟತೊಡಗಿದೆ.

ಚೈತ್ರದಲ್ಲಿ ಆ ಗಂಟು ಹೊತ್ತುಕೊಂಡು ಕೊಲ್ಹಾಪುರಕ್ಕೆ ಹೋದೆ. ಮಶೀನಿಗೆ ಸೂಜಿ, ಪಟ್ಟಿ ತರುವುದಿತ್ತು. ಅವು ಗಡಹಿಂಗ್ಲಜದಲ್ಲಿಯೂ ಸಿಗುತ್ತಿದ್ದವು.

ಹೌಸವ್ವ ಬಾಗಿಲ ಹೊರಗೆ ಬಿಸಿಲಿಗೆ ಕೌದಿ ಒಣಹಾಕುತ್ತಿದ್ದಳು. ಅವಳ ಪಕ್ಕದಲ್ಲಿ ನಿಂತಿದ್ದ ನಾಯಿಯನ್ನು ನಾನು ಮೊದಲು ಗುರುತಿಸಲಿಲ್ಲ. ಅವಳ ಸೊಂಟದೆತ್ತರ ಬೆಳೆದಿದ್ದ. ಮೈ ತುಂಬಿ ಮಿರಿಮಿರಿ ಹೊಳೆಯುತ್ತಿದ್ದ. ಅವಳು ಅವನನ್ನು ಬಾಳಾ, ಅಂದರೆ ಮಗು, ಎಂದು ಕರೆಯುತ್ತಿದ್ದಳು. ಅವನು ನನ್ನನ್ನು ನೋಡಿ ಅವಳ ಹಿಂದೆ ಸರಿದ. ನಾನು ಕೈ ಚಾಚಲಿಲ್ಲ. ಒಳಗೆ ಹೋಗಿ ಗಂಟು ಬಿಚ್ಚಿ ಕುಳಿತೆ. ಹೌಸವ್ವ ಒಂದೊಂದೇ ತುಂಡು ಎತ್ತಿ ನೋಡಿ ಬಣ್ಣ ಹೊಂದಿಸತೊಡಗಿದಳು. ಆಗ ಅವನು ಬಂದು ನನ್ನ ಕೈ ಮೂಸಿದ, ಸೆರಗು ಮೂಸಿದ, ಬಲಗಾಲಿನ ಪಾದ ಬಹಳ ಹೊತ್ತು ಮೂಸಿದ. ಬಾಲ ಎರಡು ಸಲ ಅಲ್ಲಾಡಿತು. ಆಮೇಲೆ ಹೋಗಿ ಹೌಸವ್ವಳ ಮೊಣಕಾಲಿಗೆ ಬೆನ್ನು ಹಚ್ಚಿ ಮಲಗಿದ.

"ಗುರ್ತಾ ಹಿಡೀತ್ರಿ" ಎಂದಳು.

"ಹೌದು. ಹಿಡೀತು."

ಊಟ ಮಾಡಿಸಿಯೇ ಕಳಿಸಿದಳು. ಹೊರಟಾಗ ಅವನು ನನ್ನ ಜೊತೆ ಎದ್ದು ಬಂದ. ಓಣಿಯುದ್ದಕ್ಕೂ ನನ್ನ ಪಕ್ಕದಲ್ಲೇ ನಡೆದ. ಸೈಕಲ್ಲೊಂದು ಗಂಟೆ ಹೊಡೆದು ಹಾಯಿತು, ಕಿವಿ ನಿಮಿರಿಸಿದ, ಓಡಲಿಲ್ಲ. ದೊಡ್ಡ ರಸ್ತೆ ಬಂದಲ್ಲಿ ನಿಂತ. ನಾನೂ ನಿಂತೆ. ಹೌಸವ್ವ ದೂರದಲ್ಲಿ ಬಾಗಿಲಲ್ಲೇ ಇದ್ದಳು. ಕರೆಯಲಿಲ್ಲ, ಇತ್ತ ನೋಡಲೂ ಇಲ್ಲ, ಕೌದಿ ಮಗುಚಿ ಹಾಕುತ್ತಿದ್ದಳು.

ಕರೆಯಬಾರದಾಗಿತ್ತು. ಆದರೂ ಬಾಯಿಗೆ ಬಂದೇಬಿಟ್ಟಿತು.

"ಭೀಮ್ಯಾ" ಎಂದೆ, ನನಗಷ್ಟೇ ಕೇಳುವ ಹಾಗೆ.

ಅವನು ತಲೆ ಎತ್ತಿ ನನ್ನ ಮುಖ ನೋಡಿದ. ನೋಡಿ, ತಿರುಗಿ, ಹೊರಟ. ಆ ಮಳೆಗಾಲವೆಲ್ಲ ನಾನು ಅವನು ಅಂಜಿ ಓಡುವುದನ್ನು, ಅಡಗುವುದನ್ನು, ನನ್ನ ಹಿಂದೆ ನುಸುಳುವುದನ್ನು ನೋಡಿದ್ದೆ. ಅವತ್ತು ಅವನು ಓಣಿಯ ನಟ್ಟನಡುವೆ, ಅವಸರವಿಲ್ಲದೆ, ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವವರು ಹೋಗುವ ಹಾಗೆ ನಡೆದು ಹೋದ. ಹೊಸ್ತಿಲು ದಾಟಿ ಒಳಗೆ ಹೋಗುವ ತನಕ ನಿಂತು ನೋಡಿದೆ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಸ್ಟ್ಯಾಂಡಿನ ಕಡೆ ನಡೆದೆ.